ಜಾಝ್ ಮತ್ತು ಸೃಜನಶೀಲತೆ: ಕೇಳಿದವರು ಪಡೆದದ್ದೇನು?

ಜಾಝ್‌ನಲ್ಲಿ ಒಂದು ಹಾಡನ್ನು ಎರಡು ಸಲ ಒಂದೇ ರೀತಿ ನುಡಿಸಿದರೆ ಅದು ಕೊರತೆ ಎನಿಸುತ್ತದೆ. ಹಾಡಿನ ಮಟ್ಟು ಕೇಳುಗರಿಗೆ ಮೊದಲೇ ಗೊತ್ತಿರುತ್ತದೆ. ಅದರ ಮೇಲೆ ಈ ಹೊತ್ತಿನಲ್ಲಿ ಏನನ್ನು ಕಟ್ಟುತ್ತಾರೆ ಎಂದು ನೋಡುವುದಕ್ಕಾಗಿಯೇ ಅವರು ಬಂದಿರುತ್ತಾರೆ. 20ನೆಯ ಶತಮಾನದ ಉದ್ದಕ್ಕೂ ಈ ಗುಣ ಜಾಝನ್ನು ಅದರ ಅಂಗಳದಿಂದ ಆಚೆ ಕರೆದೊಯ್ಯಿತು. ಚಿತ್ರಕಾರರು ಅದನ್ನು ಕೇಳುತ್ತ ಬಣ್ಣ ಹಚ್ಚಿದರು, ಕವಿಗಳು ಅದರ ಉಸಿರಿಗೆ ಸಾಲು ಹೊಂದಿಸಿದರು, ಸಿನಿಮಾ ನಿರ್ದೇಶಕರು ಅದನ್ನು ಪರದೆಗೆ ತಂದರು, ಕೊನೆಗೆ ಮಿದುಳು ವಿಜ್ಞಾನಿಗಳು ಪಿಯಾನೊ ವಾದಕರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ನುಡಿಸಲು ಹೇಳಿದರು. ಜಾಝ್‌ನಿಂದ ಪ್ರೇರಣೆ ಪಡೆದೆವೆಂದು ಹೇಳಿಕೊಂಡ ಕಲಾವಿದರಿಗೆ ಲೆಕ್ಕವಿಲ್ಲ. ಆದರೆ ಪ್ರೇರಣೆ ಎಂಬುದು ಸಡಿಲವಾದ ಮಾತು. ಒಬ್ಬರು ಜಾಝ್‌ನಿಂದ ಲಯವನ್ನು ತೆಗೆದುಕೊಂಡರು, ಇನ್ನೊಬ್ಬರು ಕೆಲಸದ ಕ್ರಮವನ್ನು, ಮತ್ತೊಬ್ಬರು ಬದುಕುವ ಧೈರ್ಯವನ್ನು. ಹಾಗಾದರೆ ಒಂದು ಕಲೆಯಿಂದ ಇನ್ನೊಂದಕ್ಕೆ ನಿಜವಾಗಿ ದಾಟುವುದು ಯಾವುದು ಎಂಬ ಚರ್ಚೆ ಸುಮಾರು ನೂರು ವರ್ಷಗಳಿಂದ ನಡೆದುಬಂದಿದೆ.

## ಕ್ಷಣದ ಹಿಂದಿರುವ ವರ್ಷಗಳು

ಕರ್ನಾಟಕ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಜಾಝ್‌ನ ಆಶುರಚನೆ ತೀರ ಅಪರಿಚಿತವಲ್ಲ. ನೆರವಲ್ ಹಾಡುವವರು ಸಾಹಿತ್ಯದ ಒಂದು ಸಾಲನ್ನು ತಾಳದ ಚೌಕಟ್ಟಿನೊಳಗೆ ಮತ್ತೆ ಮತ್ತೆ ಹೊಸದಾಗಿ ಹರಡುವಂತೆ, ಜಾಝ್ ವಾದಕರು ಒಂದು ಹಾಡಿನ ಚೌಕಟ್ಟನ್ನು ಸುತ್ತಿ ಸುತ್ತಿ ಬರುತ್ತಾರೆ. ಬ್ಲೂಸ್ ಎಂಬ ಹಾಡಿನ ಬಗೆಯಾದರೆ ಆ ಚೌಕಟ್ಟು ಸಾಮಾನ್ಯವಾಗಿ ತಾಳದ ಆವರ್ತನದಂಥ 12 ಬಾರ್‌ಗಳದು. ಬ್ರಾಡ್‌ವೇ ನಾಟಕಗಳಿಂದ ಬಂದ ಜನಪ್ರಿಯ ಹಾಡಾದರೆ ಹೆಚ್ಚಾಗಿ 32 ಬಾರ್‌ಗಳದು. ವ್ಯತ್ಯಾಸವಿರುವುದು ಆಧಾರದಲ್ಲಿ. ಕಛೇರಿಯಲ್ಲಿ ಶ್ರುತಿ ಕದಲುವುದಿಲ್ಲ, ಕೃತಿ ಮುಗಿಯುವವರೆಗೆ ಸಾಮಾನ್ಯವಾಗಿ ರಾಗವೂ ಬದಲಾಗುವುದಿಲ್ಲ. ಜಾಝ್‌ನಲ್ಲಿ ಕಾರ್ಡ್ ಎಂದು ಕರೆಯುವ ಸ್ವರಗುಚ್ಛಗಳು ಒಂದರ ಹಿಂದೊಂದು ಬದಲಾಗುತ್ತಲೇ ಹೋಗುತ್ತವೆ. ಓಡುವ ನೆಲದ ಮೇಲೆ ಮನೆ ಕಟ್ಟುವ ಕೆಲಸ ಅದು.

ಕಟ್ಟಿದ್ದು ಆ ಕ್ಷಣದಲ್ಲೇ ಹುಟ್ಟಿದ್ದು ನಿಜ. ಆದರೆ ಅದಕ್ಕೆ ಬೇಕಾದ ಕಲ್ಲು, ಗಾರೆ ಹಲವು ವರ್ಷಗಳಿಂದ ಕೂಡಿಟ್ಟವು. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ 1954ರ ಸಂದರ್ಶನವೊಂದರಲ್ಲಿ, ತಾವು ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಅಭ್ಯಾಸ ಮಾಡಿದ್ದಾಗಿ ಹೇಳಿದ್ದರು. ಅವರು ಒಬ್ಬರೇ ಮುಂದೆ ನಿಂತು ನುಡಿಸಿದ ಸೋಲೊಗಳನ್ನು ಸ್ವರಲಿಪಿಗೆ ಇಳಿಸಿ 1974ರಲ್ಲಿ ಸಂಶೋಧನ ಪ್ರಬಂಧ ಬರೆದ ಥಾಮಸ್ ಓವೆನ್ಸ್, ಪಾರ್ಕರ್ ಸುಮಾರು ನೂರು ಚಿಕ್ಕ ಸ್ವರಪುಂಜಗಳನ್ನು ಹೊಸ ಹೊಸ ಜೋಡಣೆಯಲ್ಲಿ ಮತ್ತೆ ಮತ್ತೆ ಬಳಸುತ್ತಿದ್ದರೆಂದು ತೋರಿಸಿದರು. ಜಾನ್ ಕೋಲ್ಟ್ರೇನ್ 1959ರಲ್ಲಿ ಧ್ವನಿಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ನ ಸ್ವರಗುಚ್ಛಗಳು ಎಷ್ಟು ವೇಗವಾಗಿ ಸರಿಯುತ್ತವೆಂದರೆ, ಅಂದು ಪಿಯಾನೊ ನುಡಿಸಿದ ಟಾಮಿ ಫ್ಲಾನಗನ್ ಅವರಂಥ ನುರಿತವರೂ ತಮ್ಮ ಸೋಲೊದಲ್ಲಿ ತಡವರಿಸಿದರು. ಕೋಲ್ಟ್ರೇನ್ ತಡವರಿಸಲಿಲ್ಲ, ಏಕೆಂದರೆ ಅವರು ಆ ದಾರಿಯಲ್ಲಿ ತಿಂಗಳುಗಟ್ಟಲೆ ನಡೆದಾಡಿದ್ದರು. ಸೋನಿ ರಾಲಿನ್ಸ್ ಹೆಸರು ಉಚ್ಛ್ರಾಯದಲ್ಲಿದ್ದಾಗಲೇ 1959ರಲ್ಲಿ ವೇದಿಕೆ ಬಿಟ್ಟು, ಸುಮಾರು ಎರಡು ವರ್ಷ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬರೇ ನಿಂತು ಸಾಧನೆ ಮಾಡಿದರು. 1962ರಲ್ಲಿ ಬಂದ ಅವರ ಆಲ್ಬಂಗೆ ‘ದಿ ಬ್ರಿಡ್ಜ್’ ಎಂದೇ ಹೆಸರು.

ಇದನ್ನು ಮೊದಲೇ ಹೇಳಬೇಕಾದ ಕಾರಣವಿದೆ. ಬೇರೆ ಕಲೆಗಳವರು ಜಾಝ್‌ನಿಂದ ಪಡೆದದ್ದರಲ್ಲಿ ಗಟ್ಟಿಯಾಗಿ ನಿಂತದ್ದು ಈ ಸಾಧನೆಯನ್ನೂ ಕಿವಿಗೊಡುವ ಗುಣವನ್ನೂ ಗುರುತಿಸಿದವರ ಕೆಲಸ. ಬರಿಯ ಸ್ವಾತಂತ್ರ್ಯವನ್ನು ಮಾತ್ರ ಕಂಡವರ ಕೃತಿಗಳು ಬಹುಮಟ್ಟಿಗೆ ತಮ್ಮ ಕಾಲದೊಂದಿಗೇ ಮಾಸಿದವು.

## ಹುಟ್ಟು, ಹರವು

ಜಾಝ್ ರೂಪುಗೊಂಡದ್ದು 1900ರ ಆಸುಪಾಸಿನಲ್ಲಿ, ಅಮೆರಿಕದ ದಕ್ಷಿಣದ ಬಂದರು ನಗರ ನ್ಯೂ ಆರ್ಲಿಯನ್ಸ್‌ನಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಇನ್ನೂ ಎರಡು ತಲೆಮಾರು ಕಳೆಯದ ಕಪ್ಪು ಜನರ ಬ್ಲೂಸ್, ಚರ್ಚಿನ ಹಾಡು, ಶವಯಾತ್ರೆಯ ಬ್ಯಾಂಡ್, ರ‍್ಯಾಗ್‌ಟೈಮ್ ಎಲ್ಲ ಅಲ್ಲಿ ಕೂಡಿದವು. ಅದರ ಮೊದಲ ಧ್ವನಿಮುದ್ರಿಕೆ 1917ರಲ್ಲಿ ಬಂತು. ಅದನ್ನು ನುಡಿಸಿದವರು ಮಾತ್ರ ಬಿಳಿಯರ ಒಂದು ತಂಡ. ಈ ಸಂಗೀತವನ್ನು ಕಟ್ಟಿದವರು ಒಬ್ಬರು, ಅದರ ಫಲ ಉಂಡವರು ಇನ್ನೊಬ್ಬರು ಎಂಬ ನೋವಿನ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಕೆಲಸ ಹುಡುಕಿ ಉತ್ತರಕ್ಕೆ ಹೊರಟ ಕಪ್ಪು ಕುಟುಂಬಗಳೊಂದಿಗೆ ಜಾಝ್ ಶಿಕಾಗೊಗೆ, ನ್ಯೂಯಾರ್ಕಿನ ಹಾರ್ಲೆಮ್‌ಗೆ ಹೋಯಿತು. ಲೂಯಿ ಆರ್ಮ್‌ಸ್ಟ್ರಾಂಗ್ 1920ರ ದಶಕದಲ್ಲಿ ಒಬ್ಬನೇ ವಾದಕ ಇಡೀ ಕಥೆ ಹೇಳಬಲ್ಲನೆಂದು ತೋರಿಸಿದರು. ಡ್ಯೂಕ್ ಎಲಿಂಗ್ಟನ್ ತಮ್ಮ ದೊಡ್ಡ ತಂಡದ ಒಬ್ಬೊಬ್ಬರ ದನಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದರು. 1940ರ ದಶಕದ ಮೊದಲಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಸೇರುತ್ತಿದ್ದ ತೆಲೋನಿಯಸ್ ಮಂಕ್, ಡಿಝಿ ಗಿಲೆಸ್ಪಿ, ಪಾರ್ಕರ್ ಮೊದಲಾದವರಿಂದ ಬೀಬಾಪ್ ಹುಟ್ಟಿತು. ನೃತ್ಯಕ್ಕೆಂದು ಇದ್ದ ಸಂಗೀತ ಕೂತು ಕೇಳುವ ಸಂಗೀತವಾದದ್ದು ಆಗ. 1959ರಲ್ಲಿ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಸ್ವರಗುಚ್ಛಗಳ ಓಟವನ್ನು ತಗ್ಗಿಸಿ ಸ್ವರಶ್ರೇಣಿಗಳ ಮೇಲೆ ನೆಲೆನಿಂತಿತು. 1960ರ ಡಿಸೆಂಬರ್‌ನಲ್ಲಿ ಆರ್ನೆಟ್ ಕೋಲ್ಮನ್ ತಾವೂ ಸೇರಿ ಎಂಟು ವಾದಕರ ತಂಡದಲ್ಲಿ ‘ಫ್ರೀ ಜಾಝ್’ ಧ್ವನಿಮುದ್ರಿಸಿ, ನಿಗದಿಯಾದ ಸ್ವರಗುಚ್ಛಗಳ ಚೌಕಟ್ಟನ್ನೇ ಕೈಬಿಟ್ಟರು.

ಜಾಝ್‌ನಿಂದ ಪ್ರೇರಣೆ ಪಡೆದರೆಂದು ಯಾರನ್ನು ಹೆಸರಿಸಿದರೂ, ಅವರು ಕೇಳಿದ್ದು ಇವುಗಳಲ್ಲಿ ಯಾವ ಜಾಝನ್ನು ಎಂದು ಕೇಳಲೇಬೇಕು.

## ಇತರ ಸಂಗೀತಗಾರರು

ಐರೋಪ್ಯ ಸಂಗೀತ ರಚನಕಾರರು ಜಾಝನ್ನು ಬೇಗನೇ ಗಮನಿಸಿದರು. ಗಮನಿಸಿದ ಬಗೆ ಒಂದೇ ಆಗಿರಲಿಲ್ಲ. ಇಗೋರ್ ಸ್ಟ್ರಾವಿನ್ಸ್ಕಿ 1918ರಲ್ಲಿ ‘ರ‍್ಯಾಗ್‌ಟೈಮ್’ ಬರೆದಾಗ ಅವರ ಕೈಲಿದ್ದದ್ದು ಅಚ್ಚಾದ ಸ್ವರಲಿಪಿ ಮಾತ್ರ, ಆ ಸಂಗೀತವನ್ನು ಕಿವಿಯಾರೆ ಕೇಳಿರಲಿಲ್ಲ. ದಾರಿಯುಸ್ ಮಿಯೊ 1922ರಲ್ಲಿ ಸ್ವತಃ ಹಾರ್ಲೆಮ್‌ಗೆ ಹೋಗಿ ಕೇಳಿದರು. ಮರುವರ್ಷ ಅವರು ರಚಿಸಿದ ‘ಜಗತ್ತಿನ ಸೃಷ್ಟಿ’ ಎಂಬ ಬ್ಯಾಲೆಯಲ್ಲಿ ಬ್ಲೂಸ್‌ನ ಸ್ವರಗಳೂ ಸ್ಯಾಕ್ಸೋಫೋನೂ ಒಳಗಿನಿಂದಲೇ ಮೂಡಿದವು. ಕಾಗದದಿಂದ ಕಲಿತದ್ದಕ್ಕೂ ಕಿವಿಯಿಂದ ಕಲಿತದ್ದಕ್ಕೂ ಇರುವ ಅಂತರ ಈ ಎರಡು ಕೃತಿಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಅಮೆರಿಕದಲ್ಲೇ ಜಾರ್ಜ್ ಗರ್ಶ್ವಿನ್ 1924ರ ಫೆಬ್ರುವರಿ 12ರಂದು ನ್ಯೂಯಾರ್ಕಿನಲ್ಲಿ ‘ರಾಪ್ಸೊಡಿ ಇನ್ ಬ್ಲೂ’ ನುಡಿಸಿದರು. ಮೊರಿಸ್ ರಾವೆಲ್ 1928ರ ಅಮೆರಿಕ ಪ್ರವಾಸದಲ್ಲಿ ಜಾಝ್ ಕೇಳಿ, ಮುಂದೆ ತಮ್ಮ ಜಿ ಮೇಜರ್ ಪಿಯಾನೊ ಕಂಚೆರ್ಟೊದಲ್ಲಿ ಅದರ ನೆರಳನ್ನು ಉಳಿಸಿದರು.

ಇವರೆಲ್ಲ ತೆಗೆದುಕೊಂಡದ್ದು ಜಾಝ್‌ನ ಬಣ್ಣವನ್ನು. ಆಶುರಚನೆಯನ್ನು ಅವರು ಬಹುಮಟ್ಟಿಗೆ ಹೊಸಿಲಾಚೆಯೇ ಬಿಟ್ಟರು. ಅವರ ಪುಟದಲ್ಲಿ ಬಹುಪಾಲು ಸ್ವರಗಳು ಬರೆದವೇ. ಅಮೆರಿಕದ ರಚನಕಾರ ಸ್ಟೀವ್ ರೈಷ್ ಅವರ ಪೀಳಿಗೆ ಬಂದಾಗ ಈ ಸಂಬಂಧ ಇನ್ನಷ್ಟು ಆಳವಾಯಿತು. ಕೋಲ್ಟ್ರೇನ್ 1961ರಲ್ಲಿ ಒಂದೇ ಆಧಾರಸ್ವರದ ಮೇಲೆ ಹದಿನಾರು ನಿಮಿಷ ನುಡಿಸಿದ ‘ಆಫ್ರಿಕಾ’ವನ್ನು ಕೇಳಿದ್ದು, ಸ್ವರಗುಚ್ಛ ಬದಲಾಗದೆಯೂ ಸಂಗೀತ ಬೆಳೆಯಬಲ್ಲದೆಂದು ತಮಗೆ ತಿಳಿಸಿಕೊಟ್ಟಿತೆಂದು ರೈಷ್ ಹೇಳಿದ್ದಾರೆ. ರೈಷ್ ಅವರ ರಚನೆಗಳು ಜಾಝ್‌ನಂತೆ ಕೇಳುವುದೇ ಇಲ್ಲ. ಪ್ರಭಾವ ಅಷ್ಟು ಒಳಗೆ ಇಳಿದಾಗ ಮೇಲ್ಮೈಯಲ್ಲಿ ಗುರುತು ಉಳಿಯದು.

## ಬಣ್ಣದಲ್ಲಿ ಕಂಡ ಲಯ

ಜಾಝ್ ಬೇರೊಂದು ಕಲೆಯ ಒಡಲಿಗೆ ಇಳಿದದ್ದಕ್ಕೆ ಪೀಟ್ ಮಾಂಡ್ರಿಯಾನ್ ಅವರಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ನೆಟ್ಟನೆಯ ಕಪ್ಪು ಗೆರೆಗಳು, ಅವುಗಳ ನಡುವೆ ಕೆಂಪು, ನೀಲಿ, ಹಳದಿ ಚೌಕಗಳು: ಎರಡು ದಶಕ ಅವರ ಚಿತ್ರವೆಂದರೆ ಇಷ್ಟೇ. ಯುರೋಪಿನಲ್ಲಿದ್ದಾಗಲೇ ಅವರು ಜಾಝ್ ಕೇಳುತ್ತಿದ್ದರು, ಕುಣಿಯುತ್ತಿದ್ದರು, 1927ರಲ್ಲಿ ಜಾಝ್ ಮತ್ತು ತಮ್ಮ ಚಿತ್ರಪಂಥದ ನಂಟಿನ ಬಗ್ಗೆ ಲೇಖನವನ್ನೂ ಬರೆದಿದ್ದರು. ಯುದ್ಧದಿಂದ ಪಾರಾಗಿ 1940ರಲ್ಲಿ ನ್ಯೂಯಾರ್ಕ್ ತಲುಪಿದಾಗ ಅವರಿಗೆ 68 ವರ್ಷ. ಅಲ್ಲಿ ಗೆಳೆಯರೊಬ್ಬರು ಬೂಗಿವೂಗಿ ಎಂಬ ಪಿಯಾನೊ ಶೈಲಿಯ ರೆಕಾರ್ಡುಗಳನ್ನು ಹಾಕಿ ಕೇಳಿಸಿದರು.

ಬೂಗಿವೂಗಿಯಲ್ಲಿ ಎಡಗೈ ಒಂದೇ ಲಯದ ಮಾದರಿಯನ್ನು ಬಿಡದೆ ಸುತ್ತುತ್ತದೆ, ಬಲಗೈ ಅದರ ಮೇಲೆ ತುಂಡು ತುಂಡಾದ ಸ್ವರಗಳಿಂದ ಆ ಲಯವನ್ನು ಕೆಣಕುತ್ತದೆ. ಹಾಡಿನ ಮಾಧುರ್ಯ ಹಿಂದೆ ಸರಿದು ಲಯವೇ ಎಲ್ಲವೂ ಆಗುತ್ತದೆ. ಮಾಂಡ್ರಿಯಾನ್ ಚಿತ್ರದಲ್ಲಿ ಹುಡುಕುತ್ತಿದ್ದದ್ದೂ ಇದನ್ನೇ: ಆಕೃತಿಯನ್ನು ಕರಗಿಸಿ ಲಯವನ್ನು ಮಾತ್ರ ಉಳಿಸಿಕೊಳ್ಳುವುದು. 1942–43ರಲ್ಲಿ ಅವರು ಮುಗಿಸಿದ ‘ಬ್ರಾಡ್‌ವೇ ಬೂಗಿವೂಗಿ’ಯಲ್ಲಿ ಕಪ್ಪು ಗೆರೆಗಳೇ ಇಲ್ಲ. ಹಳದಿ ಪಟ್ಟಿಗಳು ಚಿತ್ರದ ಉದ್ದಗಲಕ್ಕೂ ಹರಿಯುತ್ತವೆ; ಅವುಗಳ ಮೇಲೆ ಕೆಂಪು, ನೀಲಿ, ಬೂದು ಬಣ್ಣದ ಚಿಕ್ಕ ಚೌಕಗಳು ಸಮನಲ್ಲದ ಅಂತರದಲ್ಲಿ ಮಿಡಿಯುತ್ತವೆ. ಮುಂದಿನ ಚಿತ್ರ ‘ವಿಕ್ಟರಿ ಬೂಗಿವೂಗಿ’ಯ ಮೇಲೆ ಬಣ್ಣದ ಟೇಪಿನ ತುಣುಕುಗಳನ್ನು ಅಂಟಿಸಿ, ಕಿತ್ತು, ಮತ್ತೆ ಅಂಟಿಸುತ್ತಿದ್ದರು. ಅದು ಮುಗಿಯುವ ಮೊದಲೇ 1944ರಲ್ಲಿ ತೀರಿಕೊಂಡರು. ಎಪ್ಪತ್ತರ ಅಂಚಿನಲ್ಲಿ, ಇಡೀ ಜೀವಮಾನದ ಶೈಲಿಯನ್ನು ಮುರಿದು ಕಟ್ಟುವ ಬಲ ಒಂದು ಸಂಗೀತದಿಂದ ಬಂತೆಂಬುದು ಕಲೆಯ ಚರಿತ್ರೆಯಲ್ಲಿ ಮನಸ್ಸನ್ನು ತುಂಬುವ ಸಂಗತಿ.

ಆನ್ರಿ ಮಾತೀಸ್ ಅವರ ‘ಜಾಝ್’ ಪುಸ್ತಕದ ಕಥೆ ಬೇರೆ. 1947ರಲ್ಲಿ ಹೊರಬಂದ ಈ ಪುಸ್ತಕದ 20 ಚಿತ್ರಗಳು ಬಣ್ಣ ಹಚ್ಚಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸಿದವು. ವಸ್ತುವೆಲ್ಲ ಸರ್ಕಸ್, ಜನಪದ ಕಥೆ, ಪ್ರವಾಸದ ನೆನಪು. ಇಟ್ಟುಕೊಂಡಿದ್ದ ಮೊದಲ ಹೆಸರೂ ಸರ್ಕಸ್ಸಿಗೆ ಸಂಬಂಧಿಸಿದ್ದೇ. ಆದರೂ ಈ ಹೆಸರು ಸುಮ್ಮನೆ ಬಂದದ್ದಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಕುಂಚ ಹಿಡಿದು ನಿಲ್ಲಲಾರದ ಮಾತೀಸ್, ಮೊದಲು ಗೆರೆ ಎಳೆದುಕೊಳ್ಳದೆ ನೇರವಾಗಿ ಬಣ್ಣದಲ್ಲೇ ಕತ್ತರಿಸುತ್ತಿದ್ದರು. ಒಂದೇ ಆಕಾರ ಹಲವು ಪುಟಗಳಲ್ಲಿ ಬದಲಾಗುತ್ತ ಬರುವ ರೀತಿಯಲ್ಲಿ ಆಶುರಚನೆಯ ಗುಣವಿದೆ.

ಜ್ಯಾಕ್ಸನ್ ಪೊಲಾಕ್ ವಿಷಯದಲ್ಲಿ ಜನಪ್ರಿಯ ನಂಬಿಕೆಯನ್ನು ಸ್ವಲ್ಪ ತಿದ್ದಬೇಕು. ಅವರು ಹಗಲೂ ರಾತ್ರಿ ಜಾಝ್ ಕೇಳುತ್ತಿದ್ದರೆಂದು ಪತ್ನಿ, ಚಿತ್ರಕಾರ್ತಿ ಲೀ ಕ್ರಾಸ್ನರ್ ನೆನೆದಿದ್ದಾರೆ. ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಂನ ಹೊದಿಕೆಯಲ್ಲಿ ಪೊಲಾಕ್ ಅವರ 1954ರ ‘ವೈಟ್ ಲೈಟ್’ ಇರುವುದರಿಂದ, ಚೆಲ್ಲಿದ ಬಣ್ಣಕ್ಕೂ ಚೌಕಟ್ಟಿಲ್ಲದ ಜಾಝ್‌ಗೂ ನೇರ ಕೊಂಡಿ ಇದೆಯೆಂದು ಹಲವರು ಬರೆದಿದ್ದಾರೆ. ಆದರೆ ಪೊಲಾಕ್ ತೀರಿಕೊಂಡದ್ದು 1956ರಲ್ಲಿ, ಅವರ ಸಂಗ್ರಹದಲ್ಲಿ ಹೆಚ್ಚಾಗಿ ಇದ್ದದ್ದು ಹಿಂದಿನ ತಲೆಮಾರಿನ, ಸ್ವಿಂಗ್ ಎಂಬ ನೃತ್ಯ ಜಾಝ್‌ನ ರೆಕಾರ್ಡುಗಳು. ಕೊಂಡಿ ಹಾಕಿದ್ದು ಪೊಲಾಕ್ ಅಲ್ಲ, ಅವರ ಚಿತ್ರವನ್ನು ನೋಡಿದ ಸಂಗೀತಗಾರರು.

ರೊಮೇರ್ ಬೇರ್ಡೆನ್ ಕಲಿತದ್ದು ಇವರೆಲ್ಲರಿಗಿಂತ ಸೂಕ್ಷ್ಮವಾದ ಪಾಠ. ಹಾರ್ಲೆಮ್‌ನಲ್ಲಿ ಬೆಳೆದ ಅವರಿಗೆ ಜಾಝ್ ಮನೆಯ ಸಂಗೀತವಾಗಿತ್ತು. ಹಿರಿಯ ಚಿತ್ರಕಾರ ಸ್ಟೂವರ್ಟ್ ಡೇವಿಸ್ ಅವರ ಮಾತಿನಿಂದ ಅವರು ಅರ್ಲ್ ಹೈನ್ಸ್ ಅವರ ಪಿಯಾನೊವನ್ನು ಹೊಸ ರೀತಿಯಲ್ಲಿ ಕೇಳತೊಡಗಿದರು: ಸ್ವರಗಳ ಬದಲು ಸ್ವರಗಳ ನಡುವಿನ ಬಿಡುವನ್ನು. 1960ರ ದಶಕದಿಂದ ಅವರು ಮಾಡಿದ ಕೊಲಾಜ್‌ಗಳಲ್ಲಿ ತುಣುಕುಗಳ ನಡುವಿನ ಖಾಲಿ ಜಾಗ ಚಿತ್ರವನ್ನು ಹಿಡಿದು ನಿಲ್ಲಿಸಿದೆ.

## ಬರವಣಿಗೆಯಲ್ಲಿ

ಲ್ಯಾಂಗ್‌ಸ್ಟನ್ ಹ್ಯೂಸ್ 1926ರಲ್ಲಿ ‘ದಿ ವೇರಿ ಬ್ಲೂಸ್’ ಸಂಕಲನ ತಂದಾಗ, ಓದಿದ ಕಪ್ಪು ಜನರಲ್ಲೇ ಹಲವರಿಗೆ ಮುಜುಗರವಾಯಿತು. ಕ್ಲಬ್ಬಿನ ಸಂಗೀತ ಕಾವ್ಯಕ್ಕೆ ತಕ್ಕುದಲ್ಲವೆಂಬುದು ಅವರ ಭಾವನೆ. ಹ್ಯೂಸ್ ಜಗ್ಗಲಿಲ್ಲ. ಬ್ಲೂಸ್‌ನ ಮೂರು ಸಾಲಿನ ರಚನೆ, ಮರುಕಳಿಕೆ, ಕರೆಗೆ ಓಗೊಡುವ ರೀತಿ ಅವರ ಕಾವ್ಯದ ಎಲುಬಾಯಿತು. 1951ರ ‘ಮಾಂಟಾಜ್ ಆಫ್ ಎ ಡ್ರೀಮ್ ಡಿಫರ್ಡ್’ನಲ್ಲಿ ಬೀಬಾಪ್‌ನ ಥಟ್ಟನೆ ತಿರುಗುವ ಗತಿ ಬಂತು.

ರಾಲ್ಫ್ ಎಲಿಸನ್ ಕಾದಂಬರಿಕಾರರಾಗುವ ಮೊದಲು ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಸಂಗೀತ ಕಲಿತವರು, ಟ್ರಂಪೆಟ್ ನುಡಿಸುತ್ತಿದ್ದವರು. ಅವರ ‘ಇನ್‌ವಿಸಿಬಲ್ ಮ್ಯಾನ್’ (1952) ಕಾದಂಬರಿಯ ಮೊದಲಲ್ಲೇ ನಾಯಕ ನೆಲಮಾಳಿಗೆಯಲ್ಲಿ ಕೂತು ಆರ್ಮ್‌ಸ್ಟ್ರಾಂಗ್ ರೆಕಾರ್ಡು ಕೇಳುತ್ತಾನೆ. ಜೇಮ್ಸ್ ಬಾಲ್ಡ್‌ವಿನ್ 1957ರಲ್ಲಿ ಬರೆದ ‘ಸೋನೀಸ್ ಬ್ಲೂಸ್’ ಕಥೆಯಲ್ಲಿ, ತಮ್ಮ ಪಿಯಾನೊ ನುಡಿಸುವುದನ್ನು ಮೊದಲ ಸಲ ಮನಸ್ಸಿಟ್ಟು ಕೇಳಿದಾಗ ಅಣ್ಣನಿಗೆ ಅವನ ಸಂಕಟ ಅರ್ಥವಾಗುತ್ತದೆ. ಜಾಝ್ ಬಗ್ಗೆ ಬಂದ ಕಥೆಗಳಲ್ಲಿ ಇದಕ್ಕೆ ಸಾಟಿಯಾದದ್ದು ಸಿಗುವುದು ಕಷ್ಟ. ಟೋನಿ ಮಾರಿಸನ್ ಅವರ ‘ಜಾಝ್’ (1992) ಕಾದಂಬರಿಯಲ್ಲಿ ವಾದ್ಯದ ಮಾತು ಕಡಿಮೆ. ಏನಾಯಿತೆಂದು ಮೊದಲೇ ಹೇಳಿಬಿಡುವ ನಿರೂಪಣೆ, ಅದೇ ಘಟನೆಯ ಸುತ್ತ ಹೊಸ ಹೊಸ ದನಿಗಳಲ್ಲಿ ಮರಳಿ ಬರುತ್ತದೆ. ತನ್ನ ಊಹೆ ತಪ್ಪಾಯಿತೆಂದು ನಡುವೆ ಒಪ್ಪಿಕೊಂಡು ದಾರಿ ಬದಲಿಸುತ್ತದೆ. ಮಟ್ಟು ಗೊತ್ತಿದ್ದೂ ಮುಂದೇನೆಂದು ಗೊತ್ತಿಲ್ಲದ ಜಾಝ್‌ನ ಗುಣವೇ ಅಲ್ಲಿ ಕಥನದ ಗುಣವಾಗಿದೆ.

ಜ್ಯಾಕ್ ಕೆರುವ್ಯಾಕ್ ಅವರ ಉದಾಹರಣೆ ವಿವಾದದ್ದು. ‘ಆನ್ ದಿ ರೋಡ್’ ಕಾದಂಬರಿಯನ್ನು ಅವರು 1951ರ ಏಪ್ರಿಲ್‌ನಲ್ಲಿ ಮೂರು ವಾರದಲ್ಲಿ, ಸುಮಾರು 120 ಅಡಿ ಉದ್ದದ ಒಂದೇ ಕಾಗದದ ಸುರುಳಿಯ ಮೇಲೆ ಟೈಪ್ ಮಾಡಿದರು. ತಿದ್ದದೆ, ಸ್ಯಾಕ್ಸೋಫೋನ್ ವಾದಕನ ಉಸಿರಿನಂತೆ ಬರೆಯಬೇಕೆಂಬುದು ಅವರ ಸಿದ್ಧಾಂತ. ಆದರೆ ಅದಕ್ಕೂ ಮೊದಲು ಕೆಲವು ವರ್ಷಗಳ ಟಿಪ್ಪಣಿ ಪುಸ್ತಕಗಳು, ಕೈಬಿಟ್ಟ ಕರಡುಗಳು ಇದ್ದವು. ಪುಸ್ತಕ ಅಚ್ಚಾದದ್ದು 1957ರಲ್ಲಿ, ಪರಿಷ್ಕರಣೆಯ ಬಳಿಕ. ಅವರ ಸಿದ್ಧಾಂತ ಮರೆಮಾಡಿದ ಈ ಸಿದ್ಧತೆಯೇ ಅವರನ್ನು ಪಾರ್ಕರ್ ಅವರಿಗೆ ನಿಜವಾಗಿ ಹತ್ತಿರ ತರುತ್ತದೆ. ಸುರುಳಿಯ ಕಥೆಯನ್ನಷ್ಟೇ ನಂಬಿ ಬರೆಯಹೊರಟ ಎಷ್ಟೋ ಮಂದಿಗೆ ಆ ನೆಲಗಟ್ಟು ಇರಲಿಲ್ಲ.

## ಪರದೆಯ ಮೇಲೆ

1957ರ ಡಿಸೆಂಬರ್ 4ರ ರಾತ್ರಿ ಪ್ಯಾರಿಸ್‌ನ ಸ್ಟುಡಿಯೊ ಒಂದರಲ್ಲಿ ಮೈಲ್ಸ್ ಡೇವಿಸ್ ಮತ್ತು ನಾಲ್ವರು ವಾದಕರು, ಲೂಯಿ ಮಾಲ್ ನಿರ್ದೇಶನದ ‘ಗಲ್ಲುಗಂಬಕ್ಕೆ ಲಿಫ್ಟ್’ ಎಂಬರ್ಥದ ಹೆಸರಿನ ಚಿತ್ರಕ್ಕೆ ಸಂಗೀತ ಕೊಟ್ಟರು. ದೃಶ್ಯದ ತುಣುಕುಗಳು ಪರದೆಯ ಮೇಲೆ ಮತ್ತೆ ಮತ್ತೆ ಓಡುತ್ತಿದ್ದಂತೆ ಅವರು ನೋಡುತ್ತ ನುಡಿಸಿದರು. ಡೇವಿಸ್ ಚಿತ್ರವನ್ನು ಮೊದಲೇ ನೋಡಿ ಕೆಲವು ಸ್ವರಗುಚ್ಛಗಳನ್ನು ಯೋಚಿಸಿಕೊಂಡು ಬಂದಿದ್ದರು, ಅಷ್ಟೇ. ಪ್ರಿಯಕರನನ್ನು ಹುಡುಕುತ್ತ ನಟಿ ಜಾನ್ ಮೊರೊ ರಾತ್ರಿಯ ಬೀದಿಗಳಲ್ಲಿ ಅಲೆಯುವಾಗ ಕೇಳುವ ಟ್ರಂಪೆಟ್ ಆಕೆಯ ಮನಸ್ಸಿನೊಳಗಿನ ಮಾತಿನಂತಿದೆ. ಈ ಕೆಲಸ ಡೇವಿಸ್ ಅವರನ್ನೂ ಬದಲಿಸಿತು. ಕಡಿಮೆ ಸ್ವರಗುಚ್ಛ, ಹೆಚ್ಚು ಬಿಡುವು ಎಂಬ ಆ ರಾತ್ರಿಯ ರೀತಿ ಎರಡು ವರ್ಷದ ಬಳಿಕ ‘ಕೈಂಡ್ ಆಫ್ ಬ್ಲೂ’ನಲ್ಲಿ ಪೂರ್ಣವಾಗಿ ಅರಳಿತು. ಸಿನಿಮಾ ಜಾಝ್‌ನಿಂದ ಪಡೆದಷ್ಟನ್ನೇ ಅದಕ್ಕೆ ಮರಳಿಸಿದ ಅಪರೂಪದ ಪ್ರಸಂಗ ಇದು.

ಜಾನ್ ಕ್ಯಾಸವೆಟಿಸ್ ಅವರ ‘ಶ್ಯಾಡೋಸ್’ ಚಿತ್ರದ ಕೊನೆಗೆ, ನೋಡಿದ್ದೆಲ್ಲ ಆಶುರಚನೆ ಎಂಬ ಬರಹ ಬರುತ್ತದೆ. ಆದರೆ ಚಿತ್ರದ ಮೊದಲ ರೂಪಕ್ಕೆ 1959ರಲ್ಲಿ ಹೊಸದಾಗಿ ಚಿತ್ರೀಕರಿಸಿ ಸೇರಿಸಿದ ದೃಶ್ಯಗಳಲ್ಲಿ ಬಹುಪಾಲು ಬರೆದುಕೊಂಡವೇ ಆಗಿದ್ದವೆಂದು ಮುಂದೆ ತಿಳಿದುಬಂತು.

## ವಿವರಿಸಲು ಹೊರಟವರು: ರಚನೆ, ಸಮುದಾಯ, ಸಂಭಾಷಣೆ

ಜಾಝ್‌ನ ಸೆಳೆತವನ್ನು ವಿವರಿಸಹೊರಟ ವಿದ್ವಾಂಸರಲ್ಲಿ ಮೊದಲ ಪಂಥ ಅದರ ಸತ್ವವನ್ನು ರಚನೆಯಲ್ಲಿ ಹುಡುಕಿತು. ರಚನಕಾರ ಗುಂಥರ್ ಶುಲ್ಲರ್ 1958ರಲ್ಲಿ ಸೋನಿ ರಾಲಿನ್ಸ್ ಅವರ ‘ಬ್ಲೂ 7’ ಸೋಲೊವನ್ನು ವಿಶ್ಲೇಷಿಸಿ, ಒಂದೇ ಚಿಕ್ಕ ಬೀಜದಿಂದ ಇಡೀ ಸೋಲೊ ಬೆಳೆದಿರುವುದನ್ನು ತೋರಿಸಿದರು. ಐರೋಪ್ಯ ಶಾಸ್ತ್ರೀಯ ಸಂಗೀತಕ್ಕೆ ಸಲ್ಲುವ ಗೌರವ ಜಾಝ್‌ಗೂ ಸಿಗುವಂತಾದದ್ದು ಇಂಥ ವಿಶ್ಲೇಷಣೆಯಿಂದ. ಅದರ ಮಿತಿಯೂ ಅಲ್ಲೇ ಇದೆ. ಸ್ವರಲಿಪಿಗೆ ಇಳಿಯದ ಲಯದ ತೂಗು, ದನಿಯ ಒರಟು, ಎದುರಿನವರ ಉದ್ಗಾರ ಈ ಅಳತೆಗೆ ಸಿಗುವುದಿಲ್ಲ.

ಎರಡನೆಯ ಪಂಥ ಆ ಬಿಟ್ಟುಹೋದದ್ದರಿಂದಲೇ ಹೊರಡುತ್ತದೆ. ಆಗ ಲಿರಾಯ್ ಜೋನ್ಸ್ ಎಂಬ ಹೆಸರಿದ್ದ ಕವಿ ಅಮೀರಿ ಬರಾಕಾ ‘ಬ್ಲೂಸ್ ಪೀಪಲ್’ (1963) ಪುಸ್ತಕದಲ್ಲಿ, ಕಪ್ಪು ಜನರ ಬದುಕು ಬದಲಾದಂತೆಲ್ಲ ಅವರ ಸಂಗೀತ ಹೇಗೆ ಬದಲಾಯಿತೆಂದು ಓದಿದರು. ಎಲಿಸನ್ ಇದನ್ನು ಪೂರ್ತಿ ಒಪ್ಪಲಿಲ್ಲ. ಸಂಗೀತವನ್ನು ಸಮಾಜಶಾಸ್ತ್ರದ ದಾಖಲೆಯಾಗಿ ಓದಿದರೆ ಅದರ ಕಲೆಯೇ ಕಣ್ಮರೆಯಾಗುತ್ತದೆ ಎಂಬುದು ಅವರ ಆಕ್ಷೇಪ. ಆಲ್ಬರ್ಟ್ ಮರ್ರೆ 1976ರಲ್ಲಿ ಬ್ಲೂಸ್ ಎಂದರೆ ದುಃಖದ ತೋಡಿಕೆ ಎಂಬ ಮಾತನ್ನೇ ತಿರಸ್ಕರಿಸಿ, ದುಃಖವನ್ನು ತುಳಿದು ಓಡಿಸುವ ನೃತ್ಯೋತ್ಸವ ಅದು ಎಂದು ವಾದಿಸಿದರು. ಹೆನ್ರಿ ಲೂಯಿ ಗೇಟ್ಸ್ 1988ರಲ್ಲಿ, ಹಳೆಯದನ್ನು ಎತ್ತಿಕೊಂಡು ಬೇರೆ ಅರ್ಥ ಹೊಮ್ಮಿಸುವ ಕಪ್ಪು ಮಾತುಗಾರಿಕೆಯ ಪದ್ಧತಿಯನ್ನು ಸಾಹಿತ್ಯಕ್ಕೂ ಜಾಝ್‌ಗೂ ಸಾಮಾನ್ಯವಾದ ಬೇರಾಗಿ ಗುರುತಿಸಿದರು. ಹ್ಯೂಸ್, ಬೇರ್ಡೆನ್, ಮಾರಿಸನ್ ಅವರಿಗೆ ಜಾಝ್ ಏಕೆ ಹೊರಗಿನ ಪ್ರಭಾವವಲ್ಲ, ತಾಯ್ನುಡಿ ಎಂಬುದನ್ನು ಈ ಪಂಥದಷ್ಟು ಚೆನ್ನಾಗಿ ಇನ್ಯಾವುದೂ ಹೇಳಿಲ್ಲ. ಆದರೆ ಡಚ್ ಚಿತ್ರಕಾರ ಮಾಂಡ್ರಿಯಾನ್ ಅದೇ ಸಂಗೀತದಿಂದ ತಮ್ಮ ಅತ್ಯುತ್ತಮ ಕೃತಿಯನ್ನು ಹೇಗೆ ಕಂಡುಕೊಂಡರೆಂಬ ಪ್ರಶ್ನೆ ಅದರ ಮುಂದೆ ಹಾಗೇ ನಿಲ್ಲುತ್ತದೆ.

1990ರ ದಶಕದಲ್ಲಿ ಸಂಶೋಧಕರು ವಾದಕರನ್ನೇ ಹೋಗಿ ಕೇಳಿದರು. ಪಾಲ್ ಬರ್ಲಿನರ್ ಅವರ ‘ಥಿಂಕಿಂಗ್ ಇನ್ ಜಾಝ್’ (1994) ಹಲವಾರು ಕಲಾವಿದರ ಮಾತುಗಳಿಂದ, ಕೇಳಿ ಕಲಿಯುವುದು, ನಕಲು ಮಾಡುವುದು, ಕೊನೆಗೆ ಸ್ವಂತ ದನಿ ಕಾಣುವುದು ಎಂಬ ದೀರ್ಘ ಹಾದಿಯನ್ನು ವಿವರಿಸಿತು. ಇಂಗ್ರಿಡ್ ಮಾನ್ಸನ್ 1996ರಲ್ಲಿ ಡ್ರಮ್ಸ್, ಬೇಸ್, ಪಿಯಾನೊ ನುಡಿಸುವವರ ಕಡೆಗೆ ಗಮನ ತಿರುಗಿಸಿದರು. ಸೋಲೊ ಎಂಬುದು ಒಬ್ಬರದಲ್ಲ, ಹಿಂದೆ ನುಡಿಸುವವರ ಮಾತಿಗೆ ಕೊಟ್ಟ ಉತ್ತರ ಎಂದು ಅವರು ತೋರಿಸಿದರು. ತನಿ ಆವರ್ತನದಲ್ಲಿ ಮೃದಂಗ ಮತ್ತು ಘಟದ ಸವಾಲು-ಜವಾಬು ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಡಳಿತಶಾಸ್ತ್ರದವರು ಈ ವಿಚಾರವನ್ನು ಕಚೇರಿಗಳ ಕೆಲಸಕ್ಕೂ ಅನ್ವಯಿಸಿದರು. ಅಲ್ಲಿ ವರ್ಷಗಳ ಸಾಧನೆಯ ಭಾಗ ಹೆಚ್ಚಾಗಿ ಬಿಟ್ಟುಹೋಯಿತು.

ಇದೇ ಕಾಲದಲ್ಲಿ ಸಂಗೀತಗಾರ, ವಿದ್ವಾಂಸ ಜಾರ್ಜ್ ಲೂಯಿಸ್ 1996ರ ಲೇಖನವೊಂದರಲ್ಲಿ ಕಟುವಾದ ಪ್ರಶ್ನೆ ಎತ್ತಿದರು. ಜಾನ್ ಕೇಜ್ ಮೊದಲಾದ ರಚನಕಾರರು 1950ರ ಬಳಿಕ ಆಕಸ್ಮಿಕತೆಯನ್ನು ಸಂಗೀತಕ್ಕೆ ತಂದಾಗ, ಅದಾಗಲೇ ದಶಕಗಳಿಂದ ಆಶುರಚನೆ ಮಾಡುತ್ತಿದ್ದ ಜಾಝ್ ಕಲಾವಿದರ ಹೆಸರನ್ನು ಏಕೆ ಎತ್ತಲಿಲ್ಲ? ಕೇಜ್ ತಮ್ಮನ್ನು ತಾವು ಸಂಗೀತದಿಂದ ಅಳಿಸಿಕೊಳ್ಳಲು ನೋಡಿದರು. ಜಾಝ್ ಕಲಾವಿದ ತನ್ನ ಬಾಳನ್ನೇ ಅದರಲ್ಲಿ ನುಡಿಯುತ್ತಾನೆ. ಎರಡಕ್ಕೂ ಸ್ವಾತಂತ್ರ್ಯ ಎಂಬ ಒಂದೇ ಹೆಸರಿಟ್ಟರೆ ಗೊಂದಲವಾಗುತ್ತದೆಂಬ ಲೂಯಿಸ್ ಅವರ ಮಾತಿನಲ್ಲಿ ಹುರುಳಿದೆ.

## ಮಿದುಳಿನೊಳಗೆ ಇಣುಕಿದವರು

2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಆಲನ್ ಬ್ರಾನ್ ಆರು ಮಂದಿ ಜಾಝ್ ಪಿಯಾನೊ ವಾದಕರಿಗೆ, ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನರ್‌ನೊಳಗೆ ಚಿಕ್ಕ ಕೀಬೋರ್ಡ್ ಕೊಟ್ಟರು. ಬಾಯಿಪಾಠದ ಮಟ್ಟು ನುಡಿಸಿದ್ದಕ್ಕೆ ಹೋಲಿಸಿದರೆ, ಆಶುರಚನೆಯ ಹೊತ್ತಿನಲ್ಲಿ ಮಿದುಳಿನ ಮುಂಭಾಗದ ಹೊರಮಗ್ಗುಲಿನ ಚಟುವಟಿಕೆ ಇಳಿಯಿತು. ಒಳಮಗ್ಗುಲಿನ ಒಂದು ಭಾಗದಲ್ಲಿ ಏರಿತು. ಹೊರಮಗ್ಗುಲು ಯೋಜನೆ ಮತ್ತು ಸ್ವಯಂ ನಿಗಾದ ಕೆಲಸದ್ದು, ಒಳಮಗ್ಗುಲು ತನ್ನ ಬಗೆಗಿನ ಭಾವ ಮತ್ತು ನಿರೂಪಣೆಗೆ ನಂಟಿರುವಂಥದು. ಒಳಗಿನ ಕಾವಲುಗಾರ ಪಕ್ಕಕ್ಕೆ ಸರಿದಾಗ ಸೃಷ್ಟಿ ಹರಿಯುತ್ತದೆ ಎಂಬ ಅರ್ಥ ಇದಕ್ಕೆ ಬಂತು, ಪತ್ರಿಕೆಗಳಲ್ಲಿ ಬಹಳ ಹರಡಿತು.

2014ರಲ್ಲಿ ಇದೇ ಪ್ರಯೋಗಾಲಯದವರು ಇಬ್ಬರು ವಾದಕರು ನಾಲ್ಕು ನಾಲ್ಕು ಬಾರ್‌ಗಳಂತೆ ಪಾಳಿಯಲ್ಲಿ ನುಡಿಸುವುದನ್ನು ಪರೀಕ್ಷಿಸಿ, ಭಾಷೆಯ ವಾಕ್ಯರಚನೆಗೆ ಸಂಬಂಧಿಸಿದ ಭಾಗಗಳು ಎಚ್ಚರಗೊಳ್ಳುವುದನ್ನೂ ಅರ್ಥಕ್ಕೆ ಸಂಬಂಧಿಸಿದ ಕೆಲವು ಭಾಗಗಳು ತಣ್ಣಗಾಗುವುದನ್ನೂ ಕಂಡರು. ಸಂಭಾಷಣೆ ಎಂಬ ಮಾನ್ಸನ್ ಅವರ ಮಾತಿಗೆ ಇದು ಬೆಂಬಲ. ಆ ಸಂಭಾಷಣೆಯಲ್ಲಿ ಅರ್ಥ ಎಂದರೇನು ಎಂಬುದು ಬಾಕಿ ಪ್ರಶ್ನೆ. ಅದೇ ವರ್ಷ ಸ್ವೀಡನ್ನಿನ ಸಂಶೋಧಕರು 39 ಪಿಯಾನೊ ವಾದಕರನ್ನು ನೋಡಿ, ಆಶುರಚನೆಯ ಅಭ್ಯಾಸ ಹೆಚ್ಚಿದ್ದಷ್ಟೂ ನಿಯಂತ್ರಣದ ಭಾಗಗಳ ಚಟುವಟಿಕೆ ಕಡಿಮೆ, ಭಾಗಗಳ ನಡುವಿನ ಹೊಂದಾಣಿಕೆ ಹೆಚ್ಚು ಎಂದು ವರದಿ ಮಾಡಿದರು. 2020ರಲ್ಲಿ 32 ಗಿಟಾರ್ ವಾದಕರ ಮೇಲೆ ನಡೆದ ಅಧ್ಯಯನವೂ ಅನುಭವಿಗಳ ಮಿದುಳು ಕೆಲಸ ಮಾಡುವ ರೀತಿ ಹೊಸಬರದಕ್ಕಿಂತ ಬೇರೆಯೆಂದು ತೋರಿಸಿತು.

ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೊದಲಿನ ಸುಲಭ ಅರ್ಥ ನಿಲ್ಲುವುದಿಲ್ಲ. ಕಾವಲುಗಾರ ಸರಿದು ನಿಲ್ಲುವುದು, ಕೆಲಸವೆಲ್ಲ ಕೈಗೆ ಬಂದಿರುವವರಲ್ಲಿ. ಮಾದಕ ವಸ್ತು ಸೃಷ್ಟಿಯ ಬಾಗಿಲನ್ನು ತೆರೆಯುತ್ತದೆಂಬ ಹಳೆಯ ನಂಬಿಕೆಗೂ ಇಲ್ಲಿ ಆಧಾರವಿಲ್ಲ. ಪಾರ್ಕರ್ ಅವರಂತೆ ನುಡಿಸಬೇಕೆಂದು ಅವರಂತೆಯೇ ಹೆರಾಯಿನ್ ಹಿಡಿದ ಕಿರಿಯರು ಹಲವರು. ಪಾರ್ಕರ್ ಸ್ವತಃ ಆ ನಂಬಿಕೆಯನ್ನು ಅಲ್ಲಗಳೆದಿದ್ದರು, 1955ರಲ್ಲಿ 34ನೆಯ ವಯಸ್ಸಿಗೇ ತೀರಿಕೊಂಡರು.

## ಒಪ್ಪದವರು

ಜರ್ಮನ್ ಚಿಂತಕ ಥಿಯೊಡೋರ್ ಅಡೋರ್ನೊ 1936ರಲ್ಲಿ ಗುಪ್ತನಾಮದಲ್ಲಿ ಬರೆದ ಲೇಖನದಲ್ಲಿ, ಜಾಝ್‌ನ ಸ್ವಾತಂತ್ರ್ಯ ತೋರಿಕೆಯದೆಂದು ವಾದಿಸಿದರು. ಲಯ ಎಷ್ಟೇ ಕುಪ್ಪಳಿಸಿದರೂ ಕೊನೆಗೆ ಅದೇ ತಾಳಕ್ಕೆ ಬಂದು ಬೀಳುತ್ತದೆ, ಅದೇ 32 ಬಾರ್‌ಗಳಿಗೆ ಮರಳುತ್ತದೆ. ಇದು ಮಾರುಕಟ್ಟೆಯ ಸರಕಿಗೆ ಬಳಿದ ಹೊಸ ಬಣ್ಣ ಎಂಬುದು ಅವರ ನಿಲುವು. 1953ರಲ್ಲೂ ಅವರು ಅದನ್ನು ಬದಲಿಸಲಿಲ್ಲ. ಮೊದಲ ಲೇಖನದ ಹೊತ್ತಿಗೆ ಅವರು ಕೇಳಿದ್ದು ಬಹುಪಾಲು ಯುರೋಪಿನ ನೃತ್ಯ ಬ್ಯಾಂಡುಗಳನ್ನು ಎಂಬ ಟೀಕೆ ನ್ಯಾಯವಾದದ್ದೇ. ತಾಳಕ್ಕೆ ಮರಳುವುದೇ ಸೆರೆಯಾದರೆ, ಎಡುಪಿಗೆ ಬಂದು ಸೇರುವ ಕಲ್ಪನಾಸ್ವರವೂ ಸೆರೆಯಾಗಬೇಕು. ಅಲ್ಲಿ ಸಭೆ ಉಸಿರುಬಿಟ್ಟು ತಲೆದೂಗುವುದು ಮಾತ್ರ ಬಿಡುಗಡೆಯ ಆನಂದದಿಂದ. ಆದರೂ ಅಡೋರ್ನೊ ಎತ್ತಿದಂಥ ಪ್ರಶ್ನೆ ಜಾಝ್ ಕಲಾವಿದರಿಗೂ ಎದುರಾಯಿತು. ಕೋಲ್ಮನ್ ಚೌಕಟ್ಟನ್ನು ಬಿಟ್ಟದ್ದನ್ನು ಅದಕ್ಕೆ ಕೊಟ್ಟ ಒಂದು ಉತ್ತರವೆಂದು ಓದಬಹುದು.

## ಭಾರತದ ಕೊಂಡಿ

1935ರಲ್ಲಿ ಲಿಯೊನ್ ಆ್ಯಬಿ ಅವರ ಕಪ್ಪು ಕಲಾವಿದರ ತಂಡ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ನುಡಿಸಿತು. ಅದನ್ನು ಕೇಳಿ ಬೆಳೆದ ಗೋವಾದ ವಾದಕರು ಮುಂದೆ ಹಿಂದಿ ಸಿನಿಮಾದ ವಾದ್ಯವೃಂದಗಳ ಬೆನ್ನೆಲುಬಾದರು. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅವರು ಸಿ. ರಾಮಚಂದ್ರ ಅವರೊಂದಿಗೆ ಕೆಲಸ ಮಾಡಿದ ‘ಅಲಬೇಲಾ’ (1951) ಹಾಡುಗಳ ಮೂಲಕ ಸ್ವಿಂಗ್‌ನ ಲಯ, ಜಾಝ್ ಎಂಬ ಹೆಸರೇ ಕೇಳದವರ ಮನೆಗಳನ್ನೂ ತಲುಪಿತು.

ಕರ್ನಾಟಕದ ನಂಟು ಕುತೂಹಲದ್ದು, ಏಕೆಂದರೆ ಇಲ್ಲಿ ಪ್ರಭಾವ ಎದುರು ದಿಕ್ಕಿನಲ್ಲೂ ಹರಿದಿದೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು, ಅದನ್ನು ಗಮಕಕ್ಕೆ ಒಗ್ಗಿಸಲು ವರ್ಷಗಟ್ಟಲೆ ದುಡಿದರು. ಅವರಿಗೆ ಆ ವಾದ್ಯ ಬಂದದ್ದು ಜಾಝ್‌ನಿಂದಲ್ಲ. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಲು ಮುಂದೆ ಬಂದರು. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರಿಗೆ ವಿದ್ಯಾರ್ಥಿಯಾಗಿದ್ದಾಗ ಕದ್ರಿಯವರ ಧ್ವನಿಮುದ್ರಿಕೆಯೊಂದು ಸಿಕ್ಕಿತು. ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಚಾರ್ಲಿ ಮಾರಿಯಾನೊ ಅವರೊಂದಿಗೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ಹೊರತಂದಿತು. ಅದರಲ್ಲಿ ರಮಾಮಣಿಯವರ ದನಿಯೂ ಮಾರಿಯಾನೊ ಅವರ ಸ್ಯಾಕ್ಸೋಫೋನೂ ಒಂದನ್ನೊಂದು ಮೀರಿಸಲು ನೋಡುವುದಿಲ್ಲ. ಒಂದು ಬಿಟ್ಟ ಎಳೆಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಇದಕ್ಕೆಲ್ಲ ಮೊದಲೇ ಕೋಲ್ಟ್ರೇನ್ 1961ರಲ್ಲಿ ‘ಇಂಡಿಯಾ’ ಎಂಬ ರಚನೆ ನುಡಿಸಿದ್ದರು, ರವಿಶಂಕರ್ ಅವರ ಮೇಲಿನ ಗೌರವದಿಂದ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟಿದ್ದರು.

## ತೀರ್ಮಾನವಾಗದೆ ಉಳಿದವು

ಮೊದಲನೆಯದು, ಕಲೆಯಿಂದ ಕಲೆಗೆ ಏನೋ ದಾಟಿತೆಂದು ತೋರಿಸುವ ದಾರಿ. ಮಾಂಡ್ರಿಯಾನ್ ತಾವೇ ಬರೆದಿಟ್ಟಿದ್ದರು, ಬೇರ್ಡೆನ್ ಬಾಯಿಬಿಟ್ಟು ಹೇಳಿದ್ದರು. ಪೊಲಾಕ್ ವಿಷಯದಲ್ಲಿ ಇರುವುದು ರೆಕಾರ್ಡುಗಳ ಸಂಗ್ರಹ ಮತ್ತು ಹೆಂಡತಿಯ ನೆನಪು. ಕಲಾವಿದರ ಮಾತು ಎಷ್ಟರಮಟ್ಟಿಗೆ ಸಾಕ್ಷಿ, ಕೃತಿಯೊಳಗಿನ ಹೋಲಿಕೆ ಎಷ್ಟರಮಟ್ಟಿಗೆ ಸಾಕ್ಷಿ ಎಂಬುದರ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ.

ಎರಡನೆಯದು, ಆಶುರಚನೆ ಸಂಗೀತದ ಹೊರಗೆ ಸಾಧ್ಯವೇ ಎಂಬುದು. ‘ಕೈಂಡ್ ಆಫ್ ಬ್ಲೂ’ ಆಲ್ಬಂಗೆ ಬರೆದ ಟಿಪ್ಪಣಿಯಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ಅದನ್ನು ಜಪಾನಿನ ಮಸಿಚಿತ್ರಕ್ಕೆ ಹೋಲಿಸಿದ್ದರು: ತೆಳುವಾದ ಹಾಳೆಯ ಮೇಲೆ ಕುಂಚ ತಡೆದರೆ ಹಾಳೆ ಹರಿಯುತ್ತದೆ, ತಿದ್ದುವಂತಿಲ್ಲ. ಆದರೆ ಕಾದಂಬರಿಕಾರರು ತಿದ್ದುತ್ತಾರೆ, ಸಿನಿಮಾದವರು ಕತ್ತರಿಸುತ್ತಾರೆ. ಕೇಳುಗರ ಎದುರಿನಲ್ಲಿ, ಹಿಂದಕ್ಕೆ ಹೋಗಲಾಗದ ಕಾಲದಲ್ಲಿ ನಡೆಯುವ ಕೆಲಸಕ್ಕೂ ಮೇಜಿನ ಮುಂದೆ ನಡೆಯುವ ಕೆಲಸಕ್ಕೂ ಒಂದೇ ಹೆಸರು ಸಲ್ಲುತ್ತದೆಯೇ?

ಮೂರನೆಯದು, ಚರಿತ್ರೆ ಯಾರನ್ನು ಬಿಟ್ಟಿದೆ ಎಂಬುದು. ಮಂಕ್, ಬಡ್ ಪವೆಲ್, ಗಿಲೆಸ್ಪಿ ಹಾರ್ಲೆಮ್‌ನಲ್ಲಿ ಸೇರುತ್ತಿದ್ದ ಒಂದು ಮನೆ ಪಿಯಾನೊ ವಾದಕಿ, ರಚನಕಾರ್ತಿ ಮೇರಿ ಲೂ ವಿಲಿಯಮ್ಸ್ ಅವರದು. ಬೀಬಾಪ್‌ನ ಕಥೆಯಲ್ಲಿ ಅವರ ಪಾಲು ಎಷ್ಟೆಂಬುದನ್ನು ಸಂಶೋಧಕರು ಇತ್ತೀಚಿನ ದಶಕಗಳಲ್ಲಷ್ಟೇ ಎತ್ತಿ ಹೇಳುತ್ತಿದ್ದಾರೆ. ಸ್ಪರ್ಧೆಯ, ಗಂಡಸುತನದ ನುಡಿಯಲ್ಲಿ ಬರೆದ ಚರಿತ್ರೆ ತಿದ್ದಿದಂತೆಲ್ಲ ಪ್ರೇರಣೆ ಎಂದರೇನೆಂಬ ವಿವರಣೆಯೂ ಬದಲಾಗಬೇಕಾದೀತು.

ನಾಲ್ಕನೆಯದು ಯಂತ್ರದ್ದು. ಜಾರ್ಜ್ ಲೂಯಿಸ್ 1980ರ ದಶಕದಲ್ಲೇ ‘ವಾಯೇಜರ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದರು. ಅದು ಮನುಷ್ಯ ವಾದಕರನ್ನು ಆಲಿಸಿ, ಅವರ ಅಪ್ಪಣೆಗೆ ಕಾಯದೆ ತನ್ನದೇ ಉತ್ತರ ನುಡಿಸುತ್ತದೆ. ಪಾರ್ಕರ್ ಅವರ ನೂರು ಸ್ವರಪುಂಜಗಳನ್ನು ಯಂತ್ರಕ್ಕೆ ಕಲಿಸುವುದು ಇಂದು ಕಷ್ಟವಲ್ಲ. ಅವನ್ನು ಯಾವ ಹೊತ್ತಿನಲ್ಲಿ ನುಡಿಸಬೇಕು, ಯಾವ ಹೊತ್ತಿನಲ್ಲಿ ಸುಮ್ಮನಿರಬೇಕು ಎಂಬ ತೀರ್ಮಾನ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮಿದುಳು ವಿಜ್ಞಾನದಲ್ಲಾಗಲಿ ಸಂಗೀತಶಾಸ್ತ್ರದಲ್ಲಾಗಲಿ ಒಪ್ಪಿತವಾದ ಉತ್ತರ ಇನ್ನೂ ಇಲ್ಲ.